ಮೇಕೆಯ ಕೊರಳ ಡಬ್ಬಿ

ದೊಡ್ಡಬಳ್ಳಾಪುರದಲ್ಲಿ ಮಧುರೆ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಕಲ್ಲುಬೆಂಚಿನಲ್ಲಿ ಒಂದೇ ಊರಿನವರಿಬ್ಬರು ಕೂತಿದ್ದರು: ಮೇಕೆ ಸಾಕುವ ಪಿಳ್ಳಪ್ಪ, ಹಿಪ್ಪುನೇರಳೆ ತೋಟದ ಮುನಿಯಕ್ಕ.

"ನಿನ್ ಮೇಕೆ ಕೊರಳಿಗೆ ಅದೇನೋ ಡಬ್ಬಿ ಕಟ್ಟವ್ರಂತೆ?"

"ಕಾಲೇಜಿನೋರು ಕಣಕ್ಕ. ಮೇಕೆ ಎಲ್ಲೆಲ್ಲಿ ಮೇಯ್ತೈತೆ ಅಂತ ಅದೇ ಬರ್ಕಂತೈತೆ. ಎಲ್ಲಿ ಮೇವು ಚೆನ್ನಾಗೈತೆ ಅಂತ ತಿಳ್ಕಳಕ್ಕೆ."

"ಹಂಗಾದ್ರೆ ನನ್ ಹಿಪ್ಪುನೇರಳೆ ತಿಂದಿದ್ದು ಯಾರು ಅಂತಾನೂ ಗೊತ್ತಾಯ್ತದೆ."

"ಅಯ್ಯೋ, ನಮ್ ಮೇಕೆ ಗೋಮಾಳ ಬಿಟ್ಟು ಆಚೆಗೆ ಹೋಗಲ್ಲ. ಜಾಲಿಕಾಯಿ, ಬೋರೆಸೊಪ್ಪು ಅಂದ್ರೆ ಪ್ರಾಣ."

"ಕಾಲೇಜಿನ ಹುಡುಗಿ ನಮ್ಮನೆ ಜಗಲಿ ಮೇಲೇ ಕೂತು ಲ್ಯಾಪ್‌ಟಾಪಲ್ಲಿ ನೋಡಿದ್ಲು. ನಿನ್ ಮೇಕೆ ದಿನಾ ಹನ್ನೊಂದರಿಂದ ಮೂರು ಗಂಟೆವರ್ಗೂ ಟೀ ಅಂಗಡಿ ಹಿಂದೆ ಅಲ್ಲಾಡ್ದಂಗೆ ನಿಂತಿರ್ತೈತಂತೆ."

ಪಿಳ್ಳಪ್ಪ ಕೆಮ್ಮಿದ.

"ಅಲ್ಲಿ ಅಷ್ಟೊಳ್ಳೆ ಮೇವು ಏನೈತೆ ಅಂತ ನನ್ನೇ ಕೇಳಿದ್ಲು."

"ನೀನೇನಂದೆ?"

"ಅಲ್ಲಿ ಹುಲ್ಲಿಲ್ಲ, ಇಸ್ಪೀಟಾಡೋರವ್ರೆ ಅಂತ ಇನ್ನೂ ಹೇಳಿಲ್ಲ. ಡಬ್ಬಿ ಬಿಚ್ಚಿ ನಿನ್ ಜೇಬಲ್ಲಿ ಇಟ್ಕಂಡಿದ್ದೆ ತಾನೆ?"

"ಮೇಕೆ ನಿನ್ ತೋಟಕ್ಕೆ ನುಗ್ಗಿದ್ರೆ ಅದ್ರಲ್ಲಿ ಬಂದ್ಬಿಡ್ತೈತಲ್ಲ, ಅದಕ್ಕೆ..." ಎಂದವನು ನಾಲಿಗೆ ಕಚ್ಚಿಕೊಂಡ.

ಮುನಿಯಕ್ಕ ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಅಕ್ಕ, ಆ ಲ್ಯಾಪ್‌ಟಾಪಲ್ಲಿರೋದ್ನ ನಮ್ಮನೆಯೋಳು ನೋಡಿದ್ಲಾ?"

"ಇಲ್ಲ. ನಾಳೆ ನನ್ ತೋಟಕ್ಕೆ ಎರಡು ಗಾಡಿ ಮೇಕೆಗೊಬ್ಬರ ಬಂದ್ರೆ, ನೋಡೋದೂ ಇಲ್ಲ."

ಅಷ್ಟರಲ್ಲಿ ಬಸ್ಸು ಬಂತು. ಮುನಿಯಕ್ಕ ಬೆಂಚಿನಿಂದ ಏಳುವ ಮೊದಲೇ ಪಿಳ್ಳಪ್ಪ ಅವಳ ಚೀಲ ಹೊತ್ತುಕೊಂಡು, ಕಿಟಕಿ ಪಕ್ಕದ ಸೀಟು ಹಿಡಿಯಲು ಓಡಿದ.