ಮುತ್ತುಗದೆಲೆಯ ಮಗ

ಬೇಡಿ ಅಯ್ನೋರೇ, ಅವನ ಮೇಲಿನ ಕಂಬಳಿ ಎಳೀಬೇಡಿ! ಮೊದಲು ನನ್ನ ಮಾತು ಕೇಳಿ. ಹೌದು, ನಾನೇ ಚಟ್ಟದ ಮೇಲಿಂದ ಎತ್ಕೊಂಡು ಬಂದೆ, ಈ ಕೊಟ್ಟಿಗೆಗೆ. ನಮ್ಮ ಯಜಮಾನ್ರು ಹೊಳೆದಂಡೇಲಿ ಸೌದೆ ಒಟ್ಟಿ ಬೆಂಕಿ ಹಿಡ್ಕೊಂಡು ಕಾಯ್ತಿದ್ದಾರೆ, ಗೊತ್ತು. ಕಾಯ್ಲಿ... ನನ್ನ ದನಿಯಾ? ಒಲೆ ಹೊಗೆ ಹತ್ತಿ ಗಂಟಲು ಕಟ್ಟಿದೆ, ಅಷ್ಟೇ.

ನಿಂಗಮ್ಮನಿಗೆ ತಲೆ ಕೆಟ್ಟಿದೆ ಅಂತಿದ್ದಾರಲ್ಲ ಹೊರಗೆ? ನನಗೆ ತಲೆ ಕೆಟ್ಟಿಲ್ಲ. ನನ್ನ ಪುಟ್ಟರಾಜು ಬಿದಿರಿನ ತೆಪ್ಪದ ಮೇಲೆ ಹೋದವನು ಕಾವೇರಿ ಪಾಲಾದ. ಫ್ರೇಜರ್‌ಪೇಟೆ ಸೇತುವೆ ಕೆಳಗೆ, ಈಚೆ ದಡದಲ್ಲಿ ಕೊಡಗಿನ ಪೊಲೀಸರು, ಆಚೆ ದಡದಲ್ಲಿ ಮೈಸೂರಿನೋರು, ಇಬ್ಬರೂ ಹುಡುಕಿದ್ರು. ದೇಹ ಸಿಗಲಿಲ್ಲ. ಅದಕ್ಕೇ ನೀವು ಮುತ್ತುಗದ ಎಲೆ, ದರ್ಭೆ ಸೇರಿಸಿ ಕಟ್ಟಿ, ತಲೆಗೆ ತೆಂಗಿನಕಾಯಿ ಇಟ್ಟು, ಮಗನನ್ನ ಮಾಡಿಕೊಟ್ರಿ. ಇದನ್ನ ಸುಟ್ಟರೆ ಅವನಿಗೆ ದಾರಿ ಸಿಗ್ತದೆ ಅಂದ್ರಿ. ನಂಬಿದೆ. ನೀವು ಹೇಳಿದ್ದನ್ನ ನಾನು ಯಾವತ್ತು ನಂಬಲಿಲ್ಲ?

ಆದ್ರೆ ಬೆಳಗ್ಗೆ ಅದರ ಎದೆ ಮೇಲೆ ಕೈಯಿಟ್ಟು, ಅವನ ಹೆಸರು ಹಿಡಿದು, ಇದರೊಳಗೆ ಬಾ ಅಂತ ಮಂತ್ರ ಹೇಳಿದ್ರಲ್ಲ... ಬಂದಿದ್ದಾನೆ ಅಯ್ನೋರೇ! ಎತ್ಕೊಂಡಾಗ ತಲೆಯೊಳಗೆ ಏನೋ ಕದಲ್ತು!

ತುಟಿ ಯಾಕೆ ಹಾಗೆ ಕೊಂಕಿಸಿದ್ರಿ? ನಗೂನಾ? ಕಾಯೊಳಗಿನ ನೀರು, ಅಷ್ಟು ನನಗೂ ಗೊತ್ತು. ನಮ್ಮ ತಲೆಯೊಳಗೆ ಇರೋದು ಮಾತ್ರ ಏನು? ಒಡೆದು ನೋಡಿದ್ರೆ ಅಲ್ಲಿ ಮನಸ್ಸು ಅನ್ನೋದು ಕಾಣ್ತದಾ? ಕಾಣದಿದ್ರೂ ನನಗೆ ಸಂಕಟ ಆಗ್ತದೆ, ನಿಮಗೆ ನಗು ಬರ್ತದೆ.

ಮಣ್ಣಿನ ಗೌರಮ್ಮನಿಗೂ ನೀವೇ ಪ್ರಾಣ ತುಂಬ್ತೀರಿ. ಅವಳ ಮುಂದೆ ಕೂತು ಕಷ್ಟ ಹೇಳ್ಕೋತೀನಿ, ಅವಳು ಕೇಳ್ತಾಳೆ. ಒಂದು ದಿನವೂ ಅನುಮಾನ ಪಟ್ಟವಳಲ್ಲ ನಾನು. ಆದ್ರೆ ಅವಳನ್ನ ನೀರಿಗೆ ಬಿಡೋ ಮುಂಚೆ, ಹೋಗಿ ಬಾ ತಾಯಿ ಅಂತ ಕಳಿಸ್ಕೊಡ್ತೀರಿ. ಆಮೇಲೆ ಅದು ಬರೀ ಮಣ್ಣು. ಇವನನ್ನ ಕರೆದ್ರಿ... ಕಳಿಸಲಿಲ್ಲ! ಒಳಗೆ ಇರೋವಾಗಲೇ ಬೆಂಕಿ ಇಡೋದಾ? ಅವನಿಗೆ ಉರಿಯಲ್ವಾ?

ಹಂಗೆ ತಲೆ ಆಡಿಸ್ಬೇಡಿ. ಎಲೆಗೆ ಉರಿ ಗೊತ್ತಾಗಲ್ಲ ಅಂತಲಾ? ಹಂಗಾದ್ರೆ ಬೆಳಗ್ಗೆ ನೀವು ಕರೆದದ್ದು ಸುಳ್ಳಾ? ಅಯ್ಯೋ, ತಪ್ಪಾಯ್ತು... ನಿಮ್ಮ ಬಾಯಲ್ಲಿ ಸುಳ್ಳು ಬರಲ್ಲ. ಆದ್ರೆ ನಿಜ ಅಂದ್ರೆ ಇವನನ್ನ ಹೇಗೆ ಸುಡ್ಲಿ?

ಸರಿ, ಒಂದು ಕೆಲಸ ಮಾಡಿ. ಹೆಸರು ಹಿಡಿದು ಇನ್ನೊಂದು ಸಲ ಕರೀರಿ. ಓಗೊಟ್ಟರೆ ನಾನು ಮನೆಯೊಳಗೆ ಕರ್ಕೊಂಡು ಹೋಗ್ತೀನಿ. ಇಲ್ಲ ಅಂದ್ರೆ ನಾನೇ ಎತ್ತಿ ಕೊಡ್ತೀನಿ. ಆ ಕಾವೇರಮ್ಮನಾಣೆ.

ಕರೀರಿ ಅಯ್ನೋರೇ.

ಯಾಕೆ ಹಿಂದೆ ಸರಿದ್ರಿ? ಓಗೊಟ್ಟುಬಿಟ್ಟರೆ ಅಂತ ನಿಮಗೂ ಹೆದರಿಕೆಯಾ? ಕರೀರಿ ಅಂದ್ರೆ ನನ್ನನ್ನೇ ಯಾಕೆ ನೋಡ್ತೀರಿ? ನನ್ನ ಗಂಟಲು... ಹೇಳಿದ್ನಲ್ಲ, ಒಲೆ ಹೊಗೆ...

ಇವತ್ತು ನಮ್ಮನೇಲಿ ಒಲೆ ಹಚ್ಚಿಲ್ಲ. ಹೌದು. ಹಚ್ಚೋ ಹಾಗಿಲ್ಲ.

ಕರೆದೆ ಅಯ್ನೋರೇ. ಇಲ್ಲಿಗೆ ತಂದಾಗಿಂದ ಕರೀತಾನೇ ಇದ್ದೀನಿ. ಹೊಳೆ ಆಚೆ ಇದ್ರೂ ನನ್ನ ಒಂದು ಕೂಗಿಗೆ ‘ಓ ಅವ್ವಾ’ ಅಂತಿದ್ದವನು...

ಬನ್ನಿ. ನೀವು ಕಾಲ ಕಡೆ ಹಿಡೀರಿ. ತಲೆ ನಾನು ಹಿಡ್ಕೋತೀನಿ. ಮೆಲ್ಲಗೆ... ನೀರು ಅಲುಗದ ಹಾಗೆ.