ಉಸಿರಿಗೆ ಕಾಯುವ ಬೆರಳು

ಚಳ್ಳಕೆರೆ ಬಸ್ ನಿಲ್ದಾಣ. ಉಡಿಯಲ್ಲಿ ವಿಭೂತಿ ಗಟ್ಟಿ ಇಟ್ಟುಕೊಂಡು ಮೊಳಕಾಲ್ಮೂರು ಬಸ್ಸಿಗೆ ಕಾಯುತ್ತಿದ್ದ ಗಂಗಾಂಬಿಕಮ್ಮನ ಪಕ್ಕದಲ್ಲೇ ಹಾಡುಗಾರ ಓಬಳೇಶನೂ ಅವನ ಹಾಡಿಗೆ ಡ್ರಮ್ ಬಾರಿಸುವ ದಸ್ತಗೀರನೂ ಕೂತಿದ್ದರು.

“ಗೋವಾದಾಗೆ ನಮ್ಮ ನಿಧಾನ ತಾಳದ ರೆಗ್ಗೆ ಹಾಡಿಗೂ ಈಗ ಡ್ಯಾನ್ಸ್ ಬೀಟ್ ಕೇಳ್ತಾರೆ ಕಣಲೇ. ತಾಳ ಎಲ್ಲಾ ಕಂಪ್ಯೂಟರ್ದೇ,” ಎಂದ ಓಬಳೇಶ.

“ಅಂದ್ರೆ ನಾನು ಬರಬ್ಯಾಡ.”

“ನಿನ್ನ ಪೆಟ್ಟೇ ರೆಕಾರ್ಡ್ ಮಾಡಿ ಅದರಾಗೆ ತುಂಬೀನಲ್ಲೋ.”

“ಅದಕ್ಕೆ ಚಾನೂ ಕುಡಿಸಂಗಿಲ್ಲ, ಬಿಡು. ಹಾಡಿನ ನಡುವೆ ನೀನು ಉಸಿರಿಗೆ ನಿಂತ್ರೆ ನಾನೂ ನಿಲ್ತಿದ್ದೆ. ಅದು ನಿಲ್ತೈತಾ?”

“ಇಲ್ಲ. ನಾನೇ ಅದರ ಹಿಂದೆ ಓಡಬೇಕು.”

ಗೋವಾ ದಾರಿಯ ಹುಬ್ಬಳ್ಳಿ ಬಸ್ಸು ಬಂತು. ಓಬಳೇಶ ಒಬ್ಬನೇ ಮೆಟ್ಟಿಲು ಹತ್ತಿ, ಏನೋ ಹೇಳಲು ಉಸಿರೆಳೆದುಕೊಂಡ. ಅಷ್ಟು ಹೊತ್ತೂ ಕಲ್ಲುಬೆಂಚಿನ ಮೇಲೆ ತಾಳ ಹಾಕುತ್ತಿದ್ದ ದಸ್ತಗೀರನ ಬೆರಳುಗಳು ಎತ್ತಿದಲ್ಲೇ ಥಟ್ಟನೆ ನಿಂತವು.

ಬಾಗಿಲು ಮುಚ್ಚಿತು. ಬಸ್ಸು ತಿರುವು ದಾಟಿ ಮರೆಯಾಯಿತು. ಶಿವನೇ, ಆ ಬೆರಳುಗಳು ಇನ್ನೂ ಎತ್ತಿದ ಹಾಗೇ ಇವೆಯಲ್ಲ, ಎಂದುಕೊಂಡಳು ಗಂಗಾಂಬಿಕಮ್ಮ.