ತೊಳೆದ ಬಿತ್ತನೆ ಜೋಳ

ಹೆಸರು: ದೂರಿನ ಪ್ರತಿಯಲ್ಲಿ ಇರುವಂತೆ. ವಯಸ್ಸು: 51 ವರ್ಷ. ವೃತ್ತಿ: ರೈತರ ಸಹಕಾರಿ ತೋಟದಲ್ಲಿ ಬೀಜದ ಗೋದಾಮಿನ ಉಸ್ತುವಾರಿ. ವಾಸ: ತೋಟದ ಹಿಂಬದಿಯ ಸಿಬ್ಬಂದಿ ಮನೆಗಳಲ್ಲಿ ಮೂರನೆಯದು.

ಈ ಮೂಲಕ ತಿಳಿಸುವುದೇನೆಂದರೆ, ಇಂದು ಮಧ್ಯಾಹ್ನ ತೋಟದ ಅಡುಗೆಮನೆಯಲ್ಲಿ ನಾನು ಗಂಜಿಯ ಹಂಡೆಯನ್ನು ಒದ್ದು ಉರುಳಿಸಿದೆ, ಒಡಹುಟ್ಟಿದ ಅಕ್ಕನ ಕೈಗೆ ಹೊಡೆದೆ ಎಂದು ಕೆಲಸಗಾರರು ದೂರು ಕೊಟ್ಟಿರುತ್ತಾರೆ. ಎರಡೂ ನಿಜ. ಕಾರಣವನ್ನೂ ಬರೆದುಕೊಳ್ಳಬೇಕೆಂದು ಕೋರುತ್ತೇನೆ.

ನಮ್ಮ ತೋಟದಲ್ಲಿ ಯಾವುದೂ ಕಸವಲ್ಲ. ದಂಟು ದನಕ್ಕೆ, ಸಗಣಿ ಗ್ಯಾಸಿಗೆ, ಗ್ಯಾಸಿನ ಬಗ್ಗಡ ಗೊಬ್ಬರಕ್ಕೆ. ನೋಡಲು ಬಂದವರಿಗೆ ಇದನ್ನು ಎದೆಯುಬ್ಬಿಸಿಕೊಂಡು ವಿವರಿಸುತ್ತಿದ್ದವನು ನಾನೇ. ಅಡುಗೆಯ ಉಸ್ತುವಾರಿ ನನ್ನ ಅಕ್ಕನದು, ವಯಸ್ಸು 58. ಸಿಪ್ಪೆಯನ್ನೂ ಎಸೆಯದವಳಾದ್ದರಿಂದ ಎಲ್ಲರ ಬಾಯಲ್ಲೂ ಆಕೆ ಉಗ್ರಾಣದಕ್ಕ. ಸೊಟ್ಟಗಿದೆಯೆಂದು ಮಾರುಕಟ್ಟೆ ಬೇಡವೆಂದ ತರಕಾರಿ ಅವಳ ಕೈಗೆ ಬಿದ್ದರೆ ಜನ ತಟ್ಟೆ ನೆಕ್ಕುತ್ತಾರೆ.

ತೋಟದಲ್ಲಿ ಒಂದಕ್ಕೆ ಮಾತ್ರ ಮರುಬಳಕೆ ಇಲ್ಲ. ಅದು ಬಿತ್ತನೆಗೆಂದು ಹುಳುನಾಶಕ ಲೇಪಿಸಿದ ಜೋಳ. ಯಾರೂ ತಿನ್ನಬಾರದೆಂದು ಅದಕ್ಕೆ ಗುಲಾಬಿ ಬಣ್ಣ ಹಾಕಿರುತ್ತಾರೆ. ಅವಧಿ ಮುಗಿದ, 20 ಕಿಲೋದ ನಾಲ್ಕು ಚೀಲಗಳನ್ನು ಸೋಮವಾರ ಬೆಳಿಗ್ಗೆ 11ಕ್ಕೆ ಬೇಲಿಯ ಬಳಿ ಹೂತೆ. ಚೀಲ ಹರಿದು, ಕಾಳನ್ನು ಸಗಣಿಯ ಬಗ್ಗಡದಲ್ಲಿ ಕಲಸಿ, ನಾಲ್ಕು ಅಡಿ ಆಳಕ್ಕೆ ಹಾಕಬೇಕೆಂಬುದು ನಮ್ಮಲ್ಲಿಯ ನಿಯಮ. ನಾನು ಒಂದೂವರೆ ಅಡಿ ತೋಡಿ ಚೀಲ ಸಮೇತ ಇಟ್ಟು ಮಣ್ಣು ಎಳೆದೆ. ಸೋಮಾರಿತನವಲ್ಲ. ದುಂಡು ದುಂಡಾದ ಕಾಳನ್ನು ಸಗಣಿಗೆ ಸುರಿಯಲು ಕೈ ಬರಲಿಲ್ಲ. ಅಕ್ಕ ಅಲ್ಲೇ ನಿಂತು ನೋಡುತ್ತಿದ್ದಳು. ಇದು ವಿಷ ಎಂದು ಹೇಳಿದೆ. ಅವಳು ಅಡುಗೆಮನೆಯ ಕಡೆ ಹೋದಳು.

ಇಂದು ಗುರುವಾರ ಮಧ್ಯಾಹ್ನ 12.35ಕ್ಕೆ ಬೇಲಿಯ ಕಡೆ ಹೋದಾಗ ಆ ಜಾಗದ ಮಣ್ಣು ತಗ್ಗಾಗಿತ್ತು. ಕೈಯಿಂದ ಕೆದಕಿದೆ. ಒಂದು ಚೀಲವೂ ಇರಲಿಲ್ಲ. ಅಲ್ಲಿಂದ ಅಡುಗೆಮನೆಗೆ 200 ಮೀಟರ್. ಓಡಿದೆ. ಮೋರಿಯ ಸಿಮೆಂಟು ಗುಲಾಬಿಯಾಗಿತ್ತು. ಅಂಗಳದ ಟಾರ್ಪಾಲಿನ ಮೇಲೆ ಸುಮಾರು ಮೂರು ಚೀಲದಷ್ಟು ಜೋಳ ಒಣಗುತ್ತಿತ್ತು. ನಾಲ್ಕನೆಯ ಚೀಲ ನಿನ್ನೆಯೇ ಗಿರಣಿಗೆ ಹೋಗಿ ಹಿಟ್ಟಾಗಿ ಬಂದಿತ್ತೆಂದು ಆಮೇಲೆ ತಿಳಿಯಿತು. ಒಳಗೆ ಗಂಜಿಯ ಹಂಡೆ ಒಲೆಯಿಂದ ಇಳಿದಿತ್ತು. ಮೂವತ್ತೊಂದು ಜನ ಖಾಲಿ ತಟ್ಟೆ ಹಿಡಿದು ಸಾಲಿನಲ್ಲಿದ್ದರು.

ಏನಕ್ಕ ಇದು ಎಂದು ಕೇಳಿದ್ದಕ್ಕೆ, "ಮೂರು ನೀರಲ್ಲಿ ತೊಳ್ದಿದ್ದೀನಿ ಕಣೋ. ಬಣ್ಣಾನೇ ಹೋಯ್ತು, ಇನ್ನೆಲ್ಲಿ ವಿಷ?" ಎಂದಳು.

ವಿಷ, ಯಾರೂ ತಿನ್ನಬೇಡಿ ಎಂದು ಕೂಗಿ ನಾನು ಹಂಡೆಗೆ ಒದ್ದೆ. ಉಣ್ಣುವ ಅನ್ನಕ್ಕೆ ಕಾಲು ತಾಗಿಸಿದೆನೆಂದು ಇಬ್ಬರು ನನ್ನ ಕೊರಳಪಟ್ಟಿ ಹಿಡಿದರು. ಇಪ್ಪತ್ತು ವರ್ಷಗಳಲ್ಲಿ ಅವರು ನನಗೆ ಎದುರಾಡಿದವರಲ್ಲ. 1.05ಕ್ಕೆ, ನನ್ನ ಮಾತು ಸುಳ್ಳೆಂದು ತೋರಿಸಲು, ಅಕ್ಕ ಹಂಡೆಯ ತಳದಲ್ಲಿ ಉಳಿದದ್ದನ್ನು ಸೌಟಿನಿಂದ ಗೋರಿ ಎಲ್ಲರೆದುರು ತಿಂದಳು. ಎರಡು ಸೌಟು ತಿಂದಳು. ನಾನು ಕೊಸರಿಕೊಂಡು ಹೋಗಿ, ಮೂರನೆಯದು ಬಾಯಿಗೆ ಹೋಗುವ ಮೊದಲು ಕೈಗೆ ಹೊಡೆದೆ. ನನ್ನನ್ನು ಸಾಕಿದ ಕೈ ಅದು. ಹೊಡೆದದ್ದು ಇದೇ ಮೊದಲು.

ಹಂಡೆಗೆ ಬಿದ್ದದ್ದು ಐದು ಕಿಲೋ ಹಿಟ್ಟು. ಉಳಿದ ಹದಿನೈದು ಕಿಲೋ ಎಲ್ಲಿ ಎಂದು ಕೇಳಿದೆ. ಬೆಳಿಗ್ಗೆ ತರಕಾರಿ ಗಾಡಿಯಲ್ಲಿ ಊರೊಳಗೆ ಹೋಗಿ, ಇಲ್ಲದವರ ಮನೆಗಳಿಗೆ ಕೊಟ್ಟು ಬಂದೆನೆಂದಳು. ಯಾವ ಮನೆಗಳು ಎಂದರೆ, "ಹೇಳಿದ್ರೆ ಅಲ್ಲಿಗೂ ಹೋಗಿ ಒದೀತೀಯ. ಹೇಳಲ್ಲ" ಎಂದಳು. ಗಾಡಿಯವನು ಅವಳನ್ನು ಮಾರುಕಟ್ಟೆಯ ತಿರುವಿನಲ್ಲಿ ಇಳಿಸಿದ್ದನಂತೆ. ಮುಂದಿನದು ಅವನಿಗೆ ಗೊತ್ತಿಲ್ಲ. 2.10ಕ್ಕೆ ಕೆಲಸಗಾರರು ನನ್ನನ್ನು ಠಾಣೆಗೆ ಎಳೆತಂದರು. ಅಕ್ಕನೂ ನನ್ನ ವಿರುದ್ಧ ಹೇಳಲೆಂದೇ ಬಂದಳು.

ಈಗ 2.50. ಆಕೆ ಹೊರಗಿನ ಬೆಂಚಿನ ಮೇಲಿದ್ದಾಳೆ. ಮೈಯೆಲ್ಲ ಬೆವೆತಿದೆ, ಬಾಯಿಂದ ಜೊಲ್ಲು ಸೋರುತ್ತಿದೆ. ದೂರು ಕೊಟ್ಟವರೇ ಅವಳನ್ನು ಬೀಳದಂತೆ ಹಿಡಿದುಕೊಂಡಿದ್ದಾರೆ. ಪೇದೆಯವರು ಆಂಬುಲೆನ್ಸಿಗೆ ಫೋನ್ ಮಾಡಿದ್ದಾರೆ. ಐದು ನಿಮಿಷದ ಹಿಂದೆ ಎದ್ದು ಹೋಗಿ, ಯಾರಿಗೂ ಒದೆಯಲ್ಲಕ್ಕ, ಮನೆಗಳನ್ನಷ್ಟೇ ಹೇಳು ಎಂದು ಬೇಡಿಕೊಂಡೆ. ಈ ಸಲ ಹೇಳಲೆಂದೇ ಬಾಯಿ ತೆರೆದಳು. ನಾಲ್ಕು ಬೆರಳು ತೋರಿಸಿದಳು. ನಾಲಿಗೆ ಹೊರಳಲಿಲ್ಲ.

ಮೇಲಿನದೆಲ್ಲ ನಾನು ಕಂಡದ್ದು, ಮಾಡಿದ್ದು, ಸತ್ಯ. ಓದಿ ಹೇಳುವುದು ಬೇಡ, ಅಷ್ಟು ಹೊತ್ತಿಲ್ಲ ಎಂದು ನಾನೇ ಕೇಳಿಕೊಂಡು ಸಹಿ ಹಾಕಿರುತ್ತೇನೆ. ಸಂಜೆಯ ಒಲೆ ಹಚ್ಚುವ ಮೊದಲು ಆ ನಾಲ್ಕು ಮನೆಗಳನ್ನು ಹುಡುಕಿಸಿ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: 17, ಗುರುವಾರ, ಮಧ್ಯಾಹ್ನ 2.55
ಸಹಿ: (ಹೇಳಿಕೆ ಕೊಟ್ಟವನು)